ಬಿಸಿಲ ನಾಡಿನಲ್ಲಿ ಕಚ್ಚಿಕೊಂಡ ಹೀಟರ್ ಪ್ಲಗ್

ಡಿಸೆಂಬರ್ ಬಂತೆಂದರೆ ನಮ್ಮ ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಒಂದು ದೂರು ಬಂದು ನಿಂತಿರುತ್ತದೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಯಾವ ಊರಾದರೂ ಮಾತು ಅದೇ: "ಉಸ್ತಾದ, ಮುಂಜಾನಿ ಗಾಡಿ ಚಾಲೂನೇ ಆಗ್ಲತ್ತಿಲ್ಲ ನೋಡ್ರಿ. ಸೆಲ್ಫ್ ಹೊಡ್ದು ಹೊಡ್ದು ಬ್ಯಾಟ್ರಿ ಕುಂತದ." ಮಧ್ಯಾಹ್ನ ಅದೇ ಗಾಡಿ ಅರ್ಧ ಸೆಲ್ಫಿಗೇ ಎದ್ದು ನಿಲ್ಲುತ್ತದೆ. ಹಾಗಾಗಿ ಮಾಲೀಕರು ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಡೀಸೆಲ್ ಫಿಲ್ಟರ್ ಬದಲಿಸುತ್ತಾರೆ, ಅದಾದ ಮೇಲೆ ಬಂಕಿನ ಡೀಸೆಲ್ಲೇ ಸರಿಯಿಲ್ಲ ಎನ್ನುತ್ತಾರೆ. ಕಡೆಗೆ ಯಾರಾದರೂ ಬಾನೆಟ್ ಎತ್ತಿ ಹೀಟರ್ ಪ್ಲಗ್ ಪರೀಕ್ಷಿಸಿದರೆ, ನಾಲ್ಕರಲ್ಲಿ ಎರಡೋ ಮೂರೋ ಸತ್ತು ಬಹಳ ಕಾಲವಾಗಿರುತ್ತದೆ.

ಇವತ್ತಿನ ಮಾತು ಆ ಪ್ಲಗ್ಗಿನ ಕುರಿತು. ಅದರಲ್ಲೂ ಅದನ್ನು ಹಾಕುವುದಕ್ಕಿಂತ ತೆಗೆಯುವುದರ ಕುರಿತು. ಹೊಸ ಪ್ಲಗ್ಗಿಗೆ ಕೆಲವು ನೂರು ರೂಪಾಯಿ ಸಾಕು. ಹಳೆಯದು ತೆಗೆಯುವಾಗ ಮುರಿದು ಒಳಗೆ ಉಳಿದರೆ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನೇ ಇಳಿಸಬೇಕಾಗಿ ಬರಬಹುದು. ಆಗ ಖರ್ಚು ಸಾವಿರಗಳಲ್ಲಿ.

ಈ ಪ್ಲಗ್ಗಿನ ಕೆಲಸವೇನು ಎಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಕಿಡಿ ಬೇಕಿಲ್ಲ. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಇಂಜಿನ್ನಿನ ಮರ್ಮ ಇಷ್ಟೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನಾಗಿ ಕಾಯುತ್ತದೆ. ಕಾರಿನ ಡೀಸೆಲ್ ಇಂಜಿನ್ ಒಳಗೆ ಎಳೆದುಕೊಂಡ ಗಾಳಿಯನ್ನು 16ರಿಂದ 22 ಪಟ್ಟು ಹಿಸುಕುತ್ತದೆ. ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ಹೊತ್ತಿಕೊಳ್ಳುತ್ತದೆ. ಆದರೆ ರಾತ್ರಿಯೆಲ್ಲ ತಣ್ಣಗೆ ನಿಂತ ಇಂಜಿನ್ನಿನ ಲೋಹ ಆ ಬಿಸಿಯನ್ನು ಹೀರಿಬಿಡುತ್ತದೆ. ಡೀಸೆಲ್ ಅರೆಬರೆ ಉರಿದು ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಈ ಕೊರತೆ ತುಂಬಲು ಪ್ರತಿ ಸಿಲಿಂಡರಿಗೆ ಒಂದರಂತೆ ಪೆನ್ಸಿಲ್ ದಪ್ಪದ ಪ್ಲಗ್ ಇಟ್ಟಿದ್ದಾರೆ. ಕೀಲಿ ತಿರುವಿದ ಕೂಡಲೇ ಬ್ಯಾಟರಿಯ ಕರೆಂಟು ಹರಿದು ಅದರ ತುದಿ ಕೆಂಡವಾಗುತ್ತದೆ. ಉಕ್ಕಿನ ಪ್ಲಗ್ಗಾದರೆ 1000 ಡಿಗ್ರಿಯ ಆಸುಪಾಸು, ಸೆರಾಮಿಕ್ ಪ್ಲಗ್ಗಾದರೆ ಇನ್ನೂ ಹೆಚ್ಚು. ಕಂಪನಿಯ ಪುಸ್ತಕದಲ್ಲಿ ಇದು ಗ್ಲೋ ಪ್ಲಗ್, ನಮ್ಮ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್.

ಹಳೆಯ ಡೀಸೆಲ್ ಕಾರುಗಳಲ್ಲಿ ಇದು ಸತ್ತರೆ ಅದೇ ದಿನ ಗೊತ್ತಾಗುತ್ತಿತ್ತು. ಅಂಬಾಸಡರ್ ಡೀಸೆಲ್ ಇರಲಿ, 1998ರ ಕೊನೆಗೆ ಬಂದ ಟಾಟಾ ಇಂಡಿಕಾ ಇರಲಿ, ಅವುಗಳಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಒಂದು ಸಣ್ಣ ಕೋಣೆಯಲ್ಲಿ ಹೊತ್ತಿ, ಅಲ್ಲಿಂದ ಸಿಲಿಂಡರಿಗೆ ನುಗ್ಗುತ್ತಿತ್ತು. ಆ ಕೋಣೆಯ ಗೋಡೆಗಳು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತಿದ್ದವು. ಪ್ಲಗ್ ಕೆಂಪಾಗುವ ತನಕ ಕಾಯಲೇಬೇಕಿತ್ತು. ಕೀಲಿ ತಿರುವಿ ಸುಮ್ಮನೆ ಕೂರುವ ಆ ಹೊತ್ತಿಗೆ ಜರ್ಮನಿಯ ಚಾಲಕರು ತಮಾಷೆಗೆ 'ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ' ಎನ್ನುತ್ತಿದ್ದರು. ಈಗಿನ ಕಾಮನ್ ರೈಲ್ ಇಂಜಿನ್ನುಗಳು ಹಾಗಲ್ಲ. 2007ರಲ್ಲಿ ಡೀಸೆಲ್ ಸ್ವಿಫ್ಟ್ ಜೊತೆ ಬಂದ ಫಿಯಟ್ಟಿನ 1.3 ಲೀಟರ್ ಮಲ್ಟಿಜೆಟ್ ಇಂಜಿನ್ನು ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲೂ ಕೂತು ನಮ್ಮ ಹಳ್ಳಿಹಳ್ಳಿಗೆ ಬಂತು. ಇಂಥ ಇಂಜಿನ್ನಿನಲ್ಲಿ ಡೀಸೆಲ್ ಬಹಳ ಒತ್ತಡದಲ್ಲಿ ಮಂಜಿನಂತಾಗಿ ನೇರ ಸಿಲಿಂಡರಿಗೇ ಬೀಳುವುದರಿಂದ, ಹೊರಗೆ ಸೆಕೆ ಇದ್ದರೆ ನಾಲ್ಕೂ ಪ್ಲಗ್ ಸತ್ತಿದ್ದರೂ ಗಾಡಿ ಚಾಲೂ ಆಗಿಬಿಡುತ್ತದೆ.

ತೊಂದರೆಯ ಬೇರು ಇರುವುದು ಇಲ್ಲೇ. ನಮ್ಮದು ಬಿಸಿಲ ನಾಡು. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೆ ಯಾರೂ ಬೆರಗಾಗುವುದಿಲ್ಲ. ವರ್ಷದ ಒಂಬತ್ತು ಹತ್ತು ತಿಂಗಳು ಈ ಪ್ಲಗ್ಗಿನ ನೆನಪೇ ಯಾರಿಗೂ ಆಗುವುದಿಲ್ಲ. ಬೇಸಿಗೆಯಲ್ಲಿ ಒಂದು ಸಾಯುತ್ತದೆ, ಮಳೆಗಾಲದಲ್ಲಿ ಇನ್ನೊಂದು. ಚಳಿ ಬಿದ್ದು, ದಂಡೋತಿಯಂಥ ಹೊಳೆ ದಂಡೆಯ ಊರಿನಲ್ಲೋ ಚಿಂಚೋಳಿ ಕಾಡಿನ ಅಂಚಿನಲ್ಲೋ ಮುಂಜಾನೆಯ ತಾಪ 15 ಡಿಗ್ರಿಗಿಂತ ಕೆಳಗಿಳಿದಾಗಲೇ ಲೆಕ್ಕ ಹೊರಬೀಳುವುದು. ಇನ್ನೊಂದು ಮಾತು. 2020ರ ಏಪ್ರಿಲ್ 1ರಂದು ಹೊಗೆ ಮಿತಿಯ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಅಂದರೆ ನಮ್ಮ ರಸ್ತೆಯಲ್ಲಿ ಓಡುವ ಯಾವ ಡೀಸೆಲ್ ಡಿಜೈರೂ ಇವತ್ತು ಹೊಸದಲ್ಲ. ಕಾರ್ಖಾನೆಯಲ್ಲಿ ಕೂರಿಸಿದ ಪ್ಲಗ್ಗನ್ನು ಇವತ್ತಿನ ತನಕ ಒಮ್ಮೆಯೂ ಅಲುಗಿಸದ ಗಾಡಿಗಳು ಎಷ್ಟೋ ಇವೆ. ಅವೇ ಕಚ್ಚಿಕೊಳ್ಳುವುದು.

ಯಾಕೆ ಕಚ್ಚುತ್ತವೆ? ಮೊದಲ ಕಾರಣ ಲೋಹ. ಪ್ಲಗ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಎರಡು ಬೇರೆ ಲೋಹ ಒತ್ತಿಕೊಂಡು ಕೂತಲ್ಲಿ ತೇವ ಸೇರಿದರೆ ತುಕ್ಕು ಹಿಡಿದು ಚೂಡಿಗಳು, ಅಂದರೆ ತಿರುಪಿನ ಸುತ್ತುಗಳು, ಒಂದಕ್ಕೊಂದು ಅಂಟುತ್ತವೆ. ಎರಡನೆಯದು ಮಸಿ. ಪ್ಲಗ್ಗಿನ ತುದಿಗೂ ಅದು ಹಾದುಹೋಗುವ ತೂತಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಇಂಜಿನ್ ಓಡಿದ ಹಾಗೆಲ್ಲ ಅಲ್ಲಿ ಕಾರ್ಬನ್ ತುಂಬಿಕೊಂಡು, ರೊಟ್ಟಿ ಹಂಚಿನ ತಳಕ್ಕೆ ಹಿಡಿದ ಮಸಿಯ ಹಾಗೆ ಗಟ್ಟಿಯಾಗುತ್ತದೆ. ಎಷ್ಟೋ ಸಲ ಚೂಡಿ ಪೂರ್ತಿ ಸಡಿಲಾದ ಮೇಲೂ ಪ್ಲಗ್ ಮೇಲೆ ಬಾರದಿರುವುದು ಈ ಮಸಿಯಿಂದಲೇ. ಮೂರನೆಯದು ನಮ್ಮ ದೂಳು. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳು. ಶಹಾಬಾದ್, ಚಿತ್ತಾಪುರದ ಸುತ್ತ ಕಲ್ಲು ಗಣಿಗಳು. ಆ ರಸ್ತೆಗಳಲ್ಲಿ ದಿನಾ ಓಡುವ ಕಾರಿನ ಬಾನೆಟ್ ಎತ್ತಿ ನೋಡಿ, ಪ್ಲಗ್ ಕೂತ ಗುಳಿಯಲ್ಲಿ ಬೂದು ಪುಡಿ ತುಂಬಿರುತ್ತದೆ. ಅದರ ಮೇಲೆ ವಾಟರ್ ಸರ್ವೀಸಿನ ನೀರು ಬಿದ್ದರೆ ಏನಾಗುತ್ತದೆಂದು ಸಿಮೆಂಟಿನ ಊರಿನವರಿಗೆ ನಾನು ಹೇಳಬೇಕಿಲ್ಲ. ನಾಲ್ಕನೆಯದು ಹಿಂದೆ ಕೂರಿಸಿದವರ ಕೈ: ಲೆಕ್ಕವಿಲ್ಲದೆ ಬಿಗಿದಿದ್ದರೆ ತೆಗೆಯುವವರ ಪಾಡು ಹೇಳತೀರದು.

ತೆಗೆಯುವ ಮುನ್ನ, ತೆಗೆಯಬೇಕೋ ಬೇಡವೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಫ್ಯೂಸ್ ಮತ್ತು ರಿಲೇ ಮೊದಲು. ನಾಲ್ಕು ಪ್ಲಗ್ಗೂ ಒಟ್ಟಿಗೇ ಸತ್ತಂತೆ ಕಂಡರೆ ಬಹಳ ಸಲ ತಪ್ಪು ರಿಲೇಯದು. ಪ್ಲಗ್ಗಿನ ತಲೆಯ ತಂತಿ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಪ್ಲಗ್ಗಿನ ತಲೆಗೆ, ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ, ಜೀವ ಇರುವ ಪ್ಲಗ್ ಸಾಮಾನ್ಯವಾಗಿ ಎರಡು ಓಮ್ ಒಳಗೆ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಕಡಿದಿದೆ. ಮೀಟರ್ ಇಲ್ಲದವರು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಪ್ಲಗ್ಗಿನ ತಲೆಗೆ ಮುಟ್ಟಿಸಿ ನೋಡುತ್ತಾರೆ. ಬಲ್ಬ್ ಹತ್ತಿದರೆ ಪ್ಲಗ್ ಸರಿ ಇದೆ.

ಈಗ ಕಳಚುವ ಕೆಲಸಕ್ಕೆ ಬರೋಣ. ಚಿತ್ತಾಪುರದ ಒಂದು ಗ್ಯಾರೇಜಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ದಂಡೋತಿ ಕಡೆಯ ಬಾಡಿಗೆ ಕಾರು. ಉಸ್ತಾದರು ಹಿಂದಿನ ಸಂಜೆಯೇ ಗಾಡಿ ತರಿಸಿ, ಏರ್ ಹೊಡೆದು ಗುಳಿಗಳ ಪುಡಿಯನ್ನೆಲ್ಲ ಹಾರಿಸಿ, ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಆ ದಿನ ಪಾನಾ ಮುಟ್ಟಲಿಲ್ಲ. ಬೆಳಿಗ್ಗೆ ಮತ್ತಷ್ಟು ಎಣ್ಣೆ ಬಿಟ್ಟು, ಗಾಡಿಯನ್ನು ಅರ್ಧ ತಾಸು ಓಡಿಸಿ ತರಲು ಹೇಳಿದರು. ಇಂಜಿನ್ ಕಾದು ಬಂದ ಮೇಲೆಯೇ ಕೆಲಸ ಶುರು.

ಕಾದ ಇಂಜಿನ್ನೇ ಯಾಕೆ? ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಡಿಗ್ರಿಯ ಹೆಡ್ 90ಕ್ಕೆ ಏರಿದರೆ 10 ಮಿಲಿಮೀಟರಿನ ತೂತು ಪ್ಲಗ್ಗಿಗಿಂತ ಆರೇಳು ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಕೂದಲಿನ ದಪ್ಪದ ಹತ್ತನೇ ಒಂದು ಪಾಲು. ಕಣ್ಣಿಗೆ ಕಾಣದ ಆ ಸಂದಿನಲ್ಲೇ ಎಣ್ಣೆ ಇಳಿಯುವುದು.

ಉಸ್ತಾದರು ಶಹಾಬಾದ್ ಫರಸಿಯ ಮೇಲೆ ಸಾಕೆಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು, ಉದ್ದನೆಯ ಸಾಕೆಟ್ಟೊಂದನ್ನು ಪ್ಲಗ್ಗಿನ ಮೇಲೆ ಸೊಟ್ಟಾಗದಂತೆ ಕೂರಿಸಿದರು. ಹಿಡಿಗೆ ಆಯ್ದುಕೊಂಡದ್ದು ಇದ್ದುದರಲ್ಲೇ ಗಿಡ್ಡದ್ದು. ಒತ್ತಿದರು, ಪ್ಲಗ್ ಅಲುಗಲಿಲ್ಲ. ಮತ್ತೆ ಒತ್ತಿದರು. "ಕಿರ್" ಎಂದು ಸಣ್ಣ ಸದ್ದು. ಕೂಡಲೇ ಕೈ ನಿಂತಿತು. ಎಣ್ಣೆ ಬಿಟ್ಟು, ಬಂದಷ್ಟೇ ದೂರ ಹಿಂದಕ್ಕೆ ಬಿಗಿದು, ಮತ್ತೆ ಸಡಿಲಿಸಿದರು. ಒಂದು ಎಳ್ಳಿನಷ್ಟು ಮುಂದೆ, ಅರ್ಧ ಎಳ್ಳಿನಷ್ಟು ಹಿಂದೆ. ಮಾಲೀಕರಿಗೆ ತಾಳ್ಮೆ ಹೋಯಿತು. "ಒಂದ್ ಪೈಪ್ ಹಾಕಿ ಜಗ್ಗಿಬಿಡ್ರಲ ಉಸ್ತಾದ, ಬಾಡಿಗಿ ಅದ ನಂದು." ಉಸ್ತಾದರು ತಲೆ ಎತ್ತದೆ ಹೇಳಿದರು: "ಪೈಪ್ ಹಾಕಿದ್ರ ಪಾನಾ ತಿರಗ್ತದ್ರಿ ಮಾಲಕರ, ಪ್ಲಗ್ ಅಲ್ಲೇ ಕುಂತಿರ್ತದ. ತಲಿ ಅಷ್ಟೇ ಕೈಗಿ ಬರ್ತದ."

ಈ ಮಾತಿನ ಹಿಂದೆ ಲೆಕ್ಕವಿದೆ. ಪ್ಲಗ್ಗಿನ ಒಳಗೆ ತಂತಿ ಹೋಗಲು ಪೊಳ್ಳು ಇರುವುದರಿಂದ ಅದರ ಗೋಡೆ ಬಹಳ ತೆಳು. 8 ಮಿಲಿಮೀಟರ್ ಚೂಡಿಯ ಪ್ಲಗ್ ಸುಮಾರು 20 ನ್ಯೂಟನ್ ಮೀಟರ್ ತಿರುಚುವ ಬಲಕ್ಕೇ ಮುರಿಯಬಹುದು. 10 ಮಿಲಿಮೀಟರಿನದು ಸುಮಾರು 35ಕ್ಕೆ. 12ರದ್ದು ಸುಮಾರು 45ಕ್ಕೆ. 20 ನ್ಯೂಟನ್ ಮೀಟರ್ ಎಂದರೆ ಎಷ್ಟು? ಗೇಣಿಗಿಂತ ತುಸು ಗಿಡ್ಡ, 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 10 ಕಿಲೋ ತೂಕ ತೂಗುಬಿಟ್ಟಷ್ಟು. ದುಡಿಯುವ ಕೈ ಅದಕ್ಕಿಂತ ಎಷ್ಟೋ ಹೆಚ್ಚು ಬಲ ಹಾಕಬಲ್ಲದು, ಹಾಕುತ್ತಿದ್ದೇನೆಂದು ಗೊತ್ತೂ ಆಗದಂತೆ. ಲಾರಿ ಚಕ್ರದ ನಟ್ಟಿಗೆ ಹೊಂದುವ ಕೈ ಇದಕ್ಕೆ ಹೊಂದುವುದಿಲ್ಲ. ಟಾರ್ಕ್ ಪಾನಾ ಇದ್ದರೆ ಮುರಿಯುವ ಮಟ್ಟಕ್ಕಿಂತ ಕೆಳಗೆ ಅದನ್ನು ಹೊಂದಿಸಿಕೊಳ್ಳಬೇಕು. ಅದು ಟಕ್ ಎಂದ ಕೂಡಲೇ ನಿಲ್ಲಿಸಿ ಎಣ್ಣೆಗೂ ಬಿಸಿಗೂ ಇನ್ನಷ್ಟು ಹೊತ್ತು ಕೊಡಬೇಕು.

ಇನ್ನೊಂದು ಉಪಾಯವೂ ಇದೆ. ಪ್ಲಗ್ಗಿಗೆ ಬೇರೆ ತಂತಿಯಿಂದ ನಾಲ್ಕೈದು ನಿಮಿಷ ಕರೆಂಟು ಕೊಟ್ಟರೆ ಅದರ ತುದಿಯೇ ಕಾದು ಸುತ್ತಲ ಮಸಿಯನ್ನು ಸುಡುತ್ತದೆ. ಇದು 12 ವೋಲ್ಟಿಗೆಂದೇ ಮಾಡಿದ ಪ್ಲಗ್ಗಿಗೆ ಮಾತ್ರ. ಹೊಸ ಇಂಜಿನ್ನುಗಳ ಕೆಲವು ಪ್ಲಗ್ 5 ವೋಲ್ಟ್, 7 ವೋಲ್ಟಿನವು. ಅವನ್ನು ನೇರ ಬ್ಯಾಟರಿಗೆ ಕೊಟ್ಟರೆ ಸುಟ್ಟುಹೋಗುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಈ ಉಪಾಯ ನಡೆಯುವುದು ಜೀವ ಇರುವ ಪ್ಲಗ್ಗಿಗಷ್ಟೇ. ಸುರುಳಿ ಕಡಿದ ಪ್ಲಗ್ ಕಾಯುವುದೇ ಇಲ್ಲ. ಯಾವುದು ಸತ್ತು ವರ್ಷಗಟ್ಟಲೆ ಮಸಿಯಲ್ಲಿ ಹೂತಿದೆಯೋ ಅದಕ್ಕೇ ಈ ಮದ್ದು ತಾಗದು. ಆದ್ದರಿಂದ ಒಂದು ಪ್ಲಗ್ ಸತ್ತದ್ದು ಗೊತ್ತಾದಾಗಲೇ ನಾಲ್ಕನ್ನೂ ಬದಲಿಸುವುದು ಜಾಣತನ. ಉಳಿದ ಮೂರು ಇನ್ನೂ ಬದುಕಿವೆ ಎಂದು ಬಿಟ್ಟರೆ, ಅವು ಸತ್ತ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಿರುತ್ತವೆ.

ಇಷ್ಟಾಗಿಯೂ ಮುರಿದರೆ? ತಲೆ ಮಾತ್ರ ಹೋಗಿ ಚೂಡಿಯ ಭಾಗ ಒಳಗೆ ಉಳಿದಿದ್ದರೆ, ನಡುವಿನ ಕಡ್ಡಿ ಕಿತ್ತು, ಗೈಡ್ ಕೂರಿಸಿ ನೇರವಾಗಿ ಡ್ರಿಲ್ ಮಾಡಿ, ಟ್ಯಾಪ್ ಹೊಡೆದು ಚೂಡಿ ಉಳಿಸಿಕೊಳ್ಳುವವರಿದ್ದಾರೆ. ಇದು ನುರಿತ ಕೈಯ ಕೆಲಸ. ಡ್ರಿಲ್ ಕೂದಲಷ್ಟು ಸೊಟ್ಟ ಹೋದರೂ ಅಲ್ಯೂಮಿನಿಯಂ ಕಡಿಯುತ್ತದೆ. ಪ್ಲಗ್ಗಿನ ತುದಿ ಸಿಲಿಂಡರಿನೊಳಗೆ ಬಿದ್ದಿದ್ದರಂತೂ ಸೆಲ್ಫ್ ಹೊಡೆಯುವ ಮಾತೇ ಇಲ್ಲ. ಹೊಡೆದರೆ ಪಿಸ್ಟನ್ ಮತ್ತು ವಾಲ್ವಿಗೆ ಏಟು. ಆಗ ಹೆಡ್ ಇಳಿಸುವುದೊಂದೇ ದಾರಿ.

ಹೊಸದು ಕೂರಿಸುವ ಮುನ್ನ ತೂತಿನ ಮಸಿ ತೆಗೆಯಲೇಬೇಕು. ಅದಕ್ಕೆಂದೇ ರೀಮರ್ ಸಿಗುತ್ತದೆ. ಅದರ ಸಂದುಗಳಿಗೆ ಗ್ರೀಸ್ ತುಂಬಿ ಕೈಯಿಂದ ತಿರುವಿದರೆ ಮಸಿ ಗ್ರೀಸಿಗೆ ಅಂಟಿ ಹೊರಬರುತ್ತದೆ, ಸಿಲಿಂಡರಿಗೆ ಉದುರುವುದಿಲ್ಲ. ಆಮೇಲೆ ಡೀಸೆಲ್ ಬೀಳದಂತೆ ಇಂಜೆಕ್ಟರಿನ ಕನೆಕ್ಷನ್ ತೆಗೆದು ಒಂದೆರಡು ಸುತ್ತು ಸೆಲ್ಫ್ ಹೊಡೆದರೆ ಉಳಿದ ಪುಡಿಯೂ ಗಾಳಿಯೊಂದಿಗೆ ಹಾರಿಹೋಗುತ್ತದೆ. ಆ ಹೊತ್ತಿನಲ್ಲಿ ತೂತಿನ ನೇರಕ್ಕೆ ಯಾರೂ ಮುಖ ಒಡ್ಡಬಾರದು. ಹೊಸ ಪ್ಲಗ್ಗನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಚೂಡಿ, ತುದಿಯ ದಪ್ಪ ಹೋಲಿಸಬೇಕು. ಒಂದಿಷ್ಟು ಉದ್ದ ಹೆಚ್ಚಾದರೂ ಪಿಸ್ಟನ್ನಿಗೆ ತಾಗುತ್ತದೆ. ನಕಲಿ ಮಾಲಿನ ಬಗ್ಗೆಯೂ ಎಚ್ಚರ ಬೇಕು. ಹೆಸರಾದ ಬ್ರ್ಯಾಂಡುಗಳ ಡಬ್ಬಿಯನ್ನು ಹೋಲುವ ಡಬ್ಬಿಗಳು ಪೇಟೆಯಲ್ಲಿ ಸುಳಿಯುತ್ತವೆ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಕೂರಿಸುವಾಗ ಮೊದಲ ಸುತ್ತುಗಳೆಲ್ಲ ಬೆರಳಲ್ಲೇ. ಆಮೇಲೆ ಟಾರ್ಕ್ ಪಾನಾ. 8 ಮಿಲಿಮೀಟರಿನದಕ್ಕೆ 10 ನ್ಯೂಟನ್ ಮೀಟರಿನ ಆಸುಪಾಸು, 10ರದ್ದಕ್ಕೆ 15ರ ಆಸುಪಾಸು. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಅಂತಿಮ. ಪ್ಲಗ್ಗಿಗೆ ಅರ್ತಿಂಗ್ ಸಿಗುವುದು ಹೆಡ್ಡಿನ ಮೂಲಕ, ಹಾಗಾಗಿ ಸಿಕ್ಕಸಿಕ್ಕ ಗ್ರೀಸ್ ಮೆತ್ತಬಾರದು. ಅದಕ್ಕೆಂದೇ ಇರುವ, ಬಿಸಿ ತಾಳುವ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು, ಕೆಂಪಾಗುವ ತುದಿಗೆ ತಾಗಿಸಬೇಡಿ. ಮತ್ತೊಂದು ಎಚ್ಚರಿಕೆ: ಚಳಿಗೆ ಗಾಡಿ ಚಾಲೂ ಆಗದಿದ್ದರೆ ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವ ರೂಢಿ ಇದೆ. ಪ್ಲಗ್ ಕೆಂಡವಾಗಿರುವಾಗ ಆ ಆವಿ ಒಳಗೆ ಹೋದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ದಯವಿಟ್ಟು ಮಾಡಬೇಡಿ.

ಚಳಿಗಾಲದ ಮಾತು ಇಷ್ಟಾಯಿತು. ಮಳೆಗಾಲದಲ್ಲೂ ಈ ಪ್ಲಗ್ಗಿನ ಕೆಲಸ ಬೀಳುತ್ತದೆ. ಕಾಗಿಣಾ ಹೊಳೆ ಮಳಖೇಡ ದಾಟಿ ಬಂದು ತುಂಬಿ ಹರಿದಾಗ ದಂಡೋತಿಯ ಸೇತುವೆ ಮುಳುಗಿ ದಾರಿ ಕಟ್ಟಾಗುವುದು ನಮ್ಮವರಿಗೆ ಹೊಸದಲ್ಲ. ಸೇತುವೆಯ ಮೇಲಿನ ನೀರಿಗೆ ಗಾಡಿ ಇಳಿಸಲೇಬಾರದು. ಆದರೆ ದಂಡೆಯಲ್ಲಿ ನಿಲ್ಲಿಸಿದ ಗಾಡಿಗೂ ನೀರು ನುಗ್ಗೀತು, ಹಳ್ಳ ದಾಟುವಾಗ ಇಂಜಿನ್ ನೀರು ಎಳೆದುಕೊಂಡೀತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ನೀರಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಗಾಡಿಯ ಹೀಟರ್ ಪ್ಲಗ್ಗುಗಳನ್ನೋ ಇಂಜೆಕ್ಟರುಗಳನ್ನೋ ಬಿಚ್ಚಿ, ಇಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿ ಆ ತೂತುಗಳಿಂದಲೇ ನೀರು ಹೊರಹಾಕಬೇಕು. ಇಂಜಿನ್ನಿನ ಕಂಪ್ರೆಷನ್ ಅಳೆಯುವವರು ಗೇಜ್ ಕೂರಿಸುವುದೂ ಎಷ್ಟೋ ಗಾಡಿಗಳಲ್ಲಿ ಇದೇ ತೂತಿಗೆ. ಪ್ಲಗ್ ಸಲೀಸಾಗಿ ಬಿಚ್ಚಿದರೆ ನೀರು ಕುಡಿದ ಇಂಜಿನ್ ಉಳಿಯುವ ಆಸೆ ಇರುತ್ತದೆ.

ಹಾಗಾಗಿ ಡೀಸೆಲ್ ಗಾಡಿ ಇಟ್ಟುಕೊಂಡವರು ದೀಪಾವಳಿಯ ಹೊತ್ತಿಗೆ, ಚಳಿ ಬೀಳುವ ಮೊದಲೇ, ನಾಲ್ಕೂ ಪ್ಲಗ್ಗನ್ನು ಮೀಟರ್ ಹಿಡಿದು ನೋಡಿಸಿ. ಒಂದು ಸತ್ತಿದ್ದರೂ ನಾಲ್ಕನ್ನೂ ಬದಲಿಸಿ, ದಿನಾಂಕವನ್ನೂ ಕಿಲೋಮೀಟರನ್ನೂ ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಗಾಡಿಯನ್ನು ಹಿಂದಿನ ಸಂಜೆಯೇ ಬಿಡಿ. "ಅರ್ಧ ತಾಸಿನಾಗ ಮಾಡಿ ಕೊಡ್ರಿ" ಎನ್ನಬೇಡಿ, ಏಕೆಂದರೆ ಮುರಿದ ಪ್ಲಗ್ಗುಗಳಲ್ಲಿ ಮಿಸ್ತ್ರಿಯ ಕೈಯಷ್ಟೇ ಪಾಲು ಮಾಲೀಕರ ಅವಸರಕ್ಕೂ ಇರುತ್ತದೆ. ಎಣ್ಣೆ ಬಿಟ್ಟು ಸುಮ್ಮನೆ ಕಾದ ಹೊತ್ತಿಗೂ ಕೂಲಿ ಕೊಡಿ. ಉಸ್ತಾದರು ಕೆಲಸ ಮಾಡದೆ ಕೂತಂತೆ ಕಾಣುವ ಆ ಹೊತ್ತಿನಲ್ಲೇ ನಿಮ್ಮ ಹೆಡ್ಡಿನ ಖರ್ಚು ಉಳಿಯುತ್ತಿರುತ್ತದೆ.